ಎದುರು ಪಾಳಯದಲ್ಲೊಬ್ಬ ಮಗಳು

ಶನಿವಾರ ಬೆಳಿಗ್ಗೆ ಯಾವ ಅಂಗಿ ತೊಡಬೇಕೆಂಬುದು ತಿಳಿದವರು ಕಪಾಟಿನ ಮುಂದೆ ನಿಂತು ಅರ್ಧ ಗಂಟೆ ಚಿಂತಿಸಬೇಕಾದ ವಿಷಯವಲ್ಲ, ಒಪ್ಪುತ್ತೇನೆ. ವಾರದ ಉಳಿದ ದಿನಗಳಲ್ಲಿ ನಾನೂ ಚಿಂತಿಸುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಏರಿಸಿಕೊಂಡು, ಗುಂಡಿಗಳು ಒಂದು ಮನೆ ಆಚೀಚೆಯಾಗಿದ್ದರೂ ಗಮನಿಸದೆ, ಸಿಯಾಟಲ್ ಬಳಿಯ ಕೆಂಟ್ ಕಣಿವೆಯ ಕಾರ್ಖಾನೆಗೆ ಹೋಗಿ ವಿಮಾನದ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸುವುದು ನನ್ನ ವೃತ್ತಿ. ಆದರೆ ಸೆಪ್ಟೆಂಬರ್ ಬಂದು ಅಮೆರಿಕದ ಕಾಲೇಜು ಫುಟ್‌ಬಾಲ್ ಶುರುವಾಯಿತೆಂದರೆ ಶನಿವಾರದ ಅಂಗಿಗೆ ಶಾಸ್ತ್ರವೇ ಬೇರೆ. ಅದು ನೇರಳೆ ಬಣ್ಣದ್ದಾಗಿರಬೇಕು, ಏಕೆಂದರೆ ನಮ್ಮ ಊರಿನ ವಿಶ್ವವಿದ್ಯಾಲಯದ ಬಣ್ಣ ನೇರಳೆ. ಹೋದ ವಾರ ಸೋತಾಗ ತೊಟ್ಟಿದ್ದನ್ನು ಈ ವಾರ ತೊಡಕೂಡದು. ಗೆದ್ದಾಗ ತೊಟ್ಟಿದ್ದನ್ನು ಒಗೆಯಕೂಡದು. ಒಗೆಯದೇ ಇರುವುದನ್ನು ಪಾವಿತ್ರ್ಯವೆಂದು ಬಗೆಯುವ ಈ ಆಚಾರಕ್ಕೆ ನನ್ನ ಹೆಂಡತಿ ಸುಮಿತ್ರಾ ‘ನಿಮ್ಮ ಮಡಿ’ ಎಂದು ಹೆಸರಿಟ್ಟಿದ್ದಾಳೆ. ಆಕೆ ಆ ಅಂಗಿಯನ್ನು ಎರಡೇ ಬೆರಳಲ್ಲಿ ಹಿಡಿದೆತ್ತುತ್ತಾಳೆ.

ಗದಗಿನ ಶಾಲೆಯ ಮೈದಾನದಲ್ಲಿ ಮಂಡಿ ತರಚಿಕೊಂಡು ಕಬಡ್ಡಿ ಆಡಿ ಬೆಳೆದ ನನಗೆ ಈ ಹುಚ್ಚು ಹಿಡಿಸಿದವಳು ಮಗಳು ವೀಣಾ. ಮಗು ಮಧುರವಾಗಿ ನುಡಿಯಲೆಂದು ಆ ಹೆಸರಿಟ್ಟೆವು. ದೊಡ್ಡವಳಾಗಿ ಆಕೆ ಕೈಗೆತ್ತಿಕೊಂಡದ್ದು ಟ್ರೊಂಬೋನ್ ಎಂಬ, ಊದಿದರೆ ಪಕ್ಕದ ಮನೆಯ ನಾಯಿ ಓಗೊಡುವಂಥ ಹಿತ್ತಾಳೆಯ ವಾದ್ಯವನ್ನು. ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಶಾಲೆಯಿಂದ ಬಂದು ಈ ಫುಟ್‌ಬಾಲ್ ಎಂದರೇನೆಂದು ಕೇಳಿದಳು. ನನಗೇನು ಗೊತ್ತು, ಮಣ್ಣು! ಆದರೂ ಅಪ್ಪನಾದವನು ಗೊತ್ತಿಲ್ಲ ಎನ್ನಲಾದೀತೇ? ಟೀವಿಯ ಮುಂದೆ ಕೂತೆವು. ಚೆಂಡು ಹಿಡಿದವನು ಎದುರಾಳಿಯ ನೆಲಕ್ಕೆ ನುಗ್ಗುತ್ತಾನೆ, ಅವರು ಅವನನ್ನು ಕೆಡವುತ್ತಾರೆ, ಗೆರೆ ದಾಟಿದರೆ ಅಂಕ. ಅರೆ, ಇದು ನಮ್ಮ ಕಬಡ್ಡಿಯೇ, ಕೈಗೊಂದು ಚೆಂಡು ಕೊಟ್ಟಿದ್ದಾರೆ, ಉಸಿರಾಡಲು ಬಿಟ್ಟಿದ್ದಾರೆ ಅಷ್ಟೇ ಎಂದು ವ್ಯಾಖ್ಯಾನಿಸಿದೆ. ಆಕೆ ನಂಬಿದಳು, ನಾನೂ ನಂಬಿದೆ.

ಅಲ್ಲಿಂದ ಪ್ರತಿ ಶನಿವಾರ ನಮ್ಮದೊಂದು ಸೋಫಾ ಸಂಸತ್ತು ಸೇರತೊಡಗಿತು. ಶನಿವಾರ ಹನುಮಪ್ಪನ ವಾರವೆಂದು ನಾನು ಒಪ್ಪತ್ತು ಇರುವವನು. ಸುಮಿತ್ರಾ ಕಲಸಿಕೊಡುವ ಗಿರ್ಮಿಟ್ ಮಾತ್ರ, ಈರುಳ್ಳಿ ಸಮೇತ, ಫಲಾಹಾರದ ವರ್ಗಕ್ಕೆ ಸೇರುತ್ತದೆಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಫುಟ್‌ಬಾಲ್ ಮುಗಿಯುವ ಹೊತ್ತಿಗೆ ಬ್ಯಾಸ್ಕೆಟ್‌ಬಾಲ್ ಹಿಡಿದುಕೊಳ್ಳುತ್ತಿತ್ತು. ಸಿಯಾಟಲ್ಲಿನ ಆ ದೀರ್ಘ, ಜಡ, ಬೂದುಬಣ್ಣದ ಚಳಿಗಾಲವನ್ನು ನಾವಿಬ್ಬರೂ ಚೆಂಡಿನ ಹಿಂದೆ ಓಡಿ ಓಡಿಯೇ ಕಳೆದೆವು.

ಇಲ್ಲೊಂದು ಮಾತು ನಿಮಗೆ ಹೇಳಲೇಬೇಕು. ಇಲ್ಲಿ ಹುಟ್ಟಿದ ಎಲ್ಲ ಮಕ್ಕಳಂತೆ ವೀಣಾಳಿಗೂ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಉತ್ತರದ ಉದ್ದದ ಬಗ್ಗೆ. ಶಾಲೆ ಹೇಗಿತ್ತು ಎಂದರೆ ‘ಫೈನ್’. ಊಟ ಹೇಗಿತ್ತು ಎಂದರೆ ‘ಫೈನ್’. ಆದರೆ ಆ ಪೆದ್ದ ಕೊನೇ ನಿಮಿಷದಲ್ಲಿ ಚೆಂಡನ್ನು ಅಷ್ಟು ದೂರ ಯಾಕೆ ಎಸೆದ ಎಂದು ಕೇಳಿ ನೋಡಿ, ಊಟ ಆರಿ ತಣ್ಣಗಾಗುವವರೆಗೂ ಮಾತು ಮುಗಿಯುತ್ತಿರಲಿಲ್ಲ. ನನಗೂ ನನ್ನ ಮಗಳಿಗೂ ಮಾತಾಡಲು ಇದ್ದ ಬಾಗಿಲು ಅದೊಂದೇ. ಅದು ಮುಚ್ಚಿಹೋದರೆ ಗತಿಯೇನು ಎಂದು ಆಗ ನಾನು ಯೋಚಿಸಿರಲಿಲ್ಲ.

ಸೋಫಾ ಸಂಸತ್ತಿನಲ್ಲಿ ಸರ್ವಾನುಮತವಿದ್ದ ವಿಷಯ ಒಂದೇ: ಘಟ್ಟದ ಆಚೆಗಿನ, ಗೋಧಿ ಹೊಲಗಳ ನಡುವಿನ, ಕೆಂಪು ಬಣ್ಣದ ಇನ್ನೊಂದು ವಿಶ್ವವಿದ್ಯಾಲಯದ ನಿಂದೆ. ಅವರು ನಮ್ಮ ಪರಂಪರಾಗತ ವೈರಿಗಳು. ಅವರು ಗೆದ್ದರೆ ಅದೃಷ್ಟ, ಸೋತರೆ ನ್ಯಾಯ. ಬೆಲ್ವ್ಯೂ ಡೌನ್‌ಟೌನಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಗೆಳೆಯ ರಾಘು ಆಗಾಗ ಬಂದು ನಮ್ಮ ನಿಷ್ಠೆಯ ಬುಡಕ್ಕೇ ಕೈಹಾಕುತ್ತಿದ್ದ. ಮೈಸೂರಿನವನು, ನಯವಾಗಿಯೇ ಚುಚ್ಚುತ್ತಾನೆ. “ಏನ್ ಸಾರ್, ಈಗ ಆಡೋ ಹುಡುಗ್ರೆಲ್ಲ ವರ್ಷಕ್ಕೊಂದು ಕಾಲೇಜ್ ಚೇಂಜ್ ಮಾಡ್ತಾರೆ, ನಮ್ ಟೆಕ್ ಕಂಪನಿ ಥರಾನೇ. ನೀವು ಯಾರಿಗೆ ಅಂತ ಫ್ಯಾನು? ಬರೀ ಬಣ್ಣಕ್ಕಾ?” ಎಂದ. ಹೌದು, ಬರೀ ಬಣ್ಣಕ್ಕೆ ಎಂದು ನಾನೂ ವೀಣಾಳೂ ಒಟ್ಟಿಗೇ ಗುಡುಗಿದೆವು. ಆಟಗಾರರು ಬಂದು ಹೋಗಲಿ, ತರಬೇತುದಾರರು ಗಂಟುಮೂಟೆ ಕಟ್ಟಲಿ, ನಾವಂತೂ ಇಲ್ಲಿಂದ ಕದಲುವವರಲ್ಲ.

ಕದಲಿದವಳು ವೀಣಾ. ಪಶುವೈದ್ಯೆಯಾಗಬೇಕೆಂದು ಆಕೆಗೆ ಚಿಕ್ಕಂದಿನಿಂದ ಆಸೆ. ಅದಕ್ಕೆ ತಕ್ಕ ಕಾಲೇಜು, ನಮ್ಮ ಗ್ರಹಚಾರಕ್ಕೆ, ಘಟ್ಟದ ಆಚೆಯದೇ. ಸೀಟು ಸಿಕ್ಕಿದ ದಿನ ಹೆಮ್ಮೆಯಿಂದ ಊರಿಗೆಲ್ಲ ಪೇಡೆ ಹಂಚಿದೆ. ಅಲ್ಲಿಗೆ ಹೋದ ತಿಂಗಳೊಪ್ಪತ್ತಿನಲ್ಲೇ ಆಕೆ, ಆಟಗಳಲ್ಲಿ ತಂಡಕ್ಕಾಗಿ ನುಡಿಸುವ ಅವರ ವಾದ್ಯವೃಂದಕ್ಕೂ ಸೇರಿ, ಕೆಂಪು ಸಮವಸ್ತ್ರ ತೊಟ್ಟು, ಟ್ರೊಂಬೋನ್ ಎತ್ತಿ ಹಿಡಿದ ಫೋಟೋ ಕಳಿಸಿದಳು. ಅದನ್ನು ನೋಡಿ ರಾಘು ಬಿದ್ದು ಬಿದ್ದು ನಕ್ಕ. “ಹೆಣ್ಣನ್ನ ವೈರಿ ಮನೆಗೇ ಕೊಟ್ಬಿಟ್ರಲ್ಲ ಸಾರ್! ಇನ್ಮೇಲೆ ಅವರು ನಿಮಗೆ ಬೀಗರು, ಸ್ವಲ್ಪ ನೋಡ್ಕೊಂಡು ಮಾತಾಡಿ!”

ಆತ ತಮಾಷೆಗೆ ಆಡಿದ ಮಾತು ನನ್ನ ತಲೆಯಲ್ಲಿ ತಳ ಊರಿತು. ನಮ್ಮ ದೊಡ್ಡಪ್ಪ ಪಗಡೆಯಲ್ಲಿ ಮಹಾ ನಿಪುಣ, ಬೆಟಗೇರಿಯಿಂದ ಗದಗಿನವರೆಗೆ ಅವನ ಎದುರು ಕೂರುವ ಗಂಡಸಿರಲಿಲ್ಲ. ಆದರೆ ಮಗಳನ್ನು ಕೊಟ್ಟ ಊರಿಗೆ ಹೋದಾಗ, ಬೀಗರ ಕಟ್ಟೆಯ ಮೇಲೆ ಹಾಸು ಬಿಡಿಸಿದರೆ, ಆತ ತಪ್ಪದೆ ಸೋಲುತ್ತಿದ್ದ. ಹಣ್ಣಾಗಬೇಕಿದ್ದ ಕಾಯಿಯನ್ನು ಹಿಂದೆಯೇ ಬಿಟ್ಟು, ‘ನಿಮ್ಮ ಕೈ ಭಾಳ ಛಲೋ ಅದ ಬಿಡ್ರಿ’ ಎಂದು ಮೀಸೆಯಡಿ ನಗುತ್ತಿದ್ದ. ಹೆಣ್ಣು ಕೊಟ್ಟವರು ಗೆಲ್ಲಬಾರದು, ಗೆದ್ದರೆ ಅದರ ಬಿಸಿ ಮಗಳಿಗೆ ತಟ್ಟುತ್ತದೆ ಎಂಬ ಲೆಕ್ಕಾಚಾರ. ಎಂಥ ಸೌಜನ್ಯ ಎಂದು ಊರೇ ಹೊಗಳುತ್ತಿತ್ತು. ಅಂಥ ವಂಶದ ಕುಡಿ ನಾನು ಕಡಿಮೆಯೇ?

ಹಾಗಾಗಿ ಭಾನುವಾರದ ಫೋನಿನಲ್ಲಿ ನಾನು ಪರಮ ಸಭ್ಯನಾದೆ. ಫೋನು ಮಾಡುತ್ತಿದ್ದುದು ಯಾವಾಗಲೂ ನಾನೇ. ‘ನಿಮ್ಮ ತಂಡ ಚೆನ್ನಾಗಿ ಆಡಿತು’ ಎನ್ನುತ್ತಿದ್ದೆ. ಹೀನಾಯವಾಗಿ ಸೋತಿದ್ದರೂ ‘ಪಾಪ, ಪ್ರಯತ್ನ ಪಟ್ಟರು’ ಎನ್ನುತ್ತಿದ್ದೆ. ವೀಣಾ ‘ಯಾ’ ಎನ್ನುತ್ತಿದ್ದಳು. ಆಮೇಲೆ ನಾನು ಹವಾಮಾನ ಕೇಳುತ್ತಿದ್ದೆ, ಆಕೆ ‘ಫೈನ್’ ಎನ್ನುತ್ತಿದ್ದಳು. ವಾರದಿಂದ ವಾರಕ್ಕೆ ಕರೆ ಕುಗ್ಗುತ್ತ ಹೋಯಿತು, ನನಗೆ ಕಾರಣ ಹೊಳೆಯಲಿಲ್ಲ. ದೊಡ್ಡವಳಾದಳು, ಹಾಗೇ ಇರುತ್ತಾರೆ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ.

ಚಳಿಗಾಲದಲ್ಲಿ ನಮ್ಮ ನೇರಳೆಯ ಬ್ಯಾಸ್ಕೆಟ್‌ಬಾಲ್ ತಂಡ ಅವರ ಊರಿಗೆ ಆಡಲು ಹೋಯಿತು. ನಾವೂ ಹಿಮದ ಘಟ್ಟ ಹತ್ತಿಳಿದು ಹೊರಟೆವು. ಸುಮಿತ್ರಾ ಇಡೀ ವಾದ್ಯವೃಂದಕ್ಕೆ ಸಾಲುವಷ್ಟು ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿದ್ದಳು. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಫ್ಯಾಕ್ಟೋರಿಯಾ ಬಡಾವಣೆಯ ಅಂಗಡಿಯಲ್ಲಿ ಹುಡುಕಿ ಹುಡುಕಿ ಕೊಂಡ ಕೆಂಪು ಸ್ವೆಟರ್ ತೊಟ್ಟಿದ್ದೆ. ಅಂಕಣದ ಒಂದು ತುದಿಗೆ ವಾದ್ಯದವರು, ಅವರ ನಡುವೆ ನನ್ನ ವೀಣಾ. ಕೆಂಪಿನವರು ಬುಟ್ಟಿಗೆ ಚೆಂಡು ಹಾಕಿದಾಗಲೆಲ್ಲ ನಾನು ಅಂಗೈಗೆ ಅಂಗೈ ತಾಗಿಸಿ, ಸಂಗೀತ ಸಭೆಯಲ್ಲಿ ಕೂತವನಂತೆ, ಮೆಲ್ಲಗೆ ಚಪ್ಪಾಳೆ ತಟ್ಟಿದೆ. ನಮ್ಮ ಹುಡುಗನೊಬ್ಬ ಅಷ್ಟು ದೂರದಿಂದ ಎಸೆದ ಚೆಂಡು ಬಳೆಗೂ ತಾಗದೆ ಬಲೆಯೊಳಗೆ ಇಳಿದಾಗ, ಅಯ್ಯೋ ಶಿವನೇ, ಗಂಟಲಿಗೆ ಬಂದ ಕೂಗನ್ನು ನುಂಗಿಕೊಂಡೆ. ನೇರಳೆ ಸೋತಿತು. ಸಂತೋಷವಾಯಿತೆಂದು ಮುಖ ಮಾಡಿಕೊಂಡು ಮಗಳ ಹತ್ತಿರ ಹೋದೆ.

ಆಕೆಯ ಗೆಳೆಯರು ಹೋಳಿಗೆಗೆ ಮುತ್ತಿಕೊಂಡಿದ್ದರು. ವೀಣಾ ನನ್ನ ಸ್ವೆಟರನ್ನು ಮೇಲಿಂದ ಕೆಳಗೆ ನೋಡಿ, “ಅಪ್ಪಾ, ವೈ ಆರ್ ಯು ಬೀಯಿಂಗ್ ಸೋ ಪೊಲೈಟ್ ಟು ಮಿ?” ಎಂದಳು. ಆಕೆಯ ಕಣ್ಣು ತುಂಬಿತ್ತು. ನೀನು ಯಾರೋ ನೆಂಟರ ಹಾಗೆ ಚಪ್ಪಾಳೆ ತಟ್ಟುತ್ತಿದ್ದೆ, ನನಗೆ ನೋಡಲಾಗಲಿಲ್ಲ ಎಂದು ಇಂಗ್ಲಿಷಿನಲ್ಲೇ ಹೇಳಿ, ವಾದ್ಯ ಒಳಗಿಡಬೇಕೆಂದು ತಿರುಗಿ ಹೋಗಿಬಿಟ್ಟಳು.

ಮರಳುವ ದಾರಿಯಲ್ಲಿ, ಘಟ್ಟದ ಬುಡದಲ್ಲಿ ಸುಮಿತ್ರಾ ಬಾಯಿ ಬಿಟ್ಟಳು. “ರೀ, ಅಕಿನ್ನ ನಾವು ಓದಾಕ ಕಳಿಸೇವಿ, ಲಗ್ನಾ ಮಾಡಿ ಕೊಟ್ಟಿಲ್ಲ. ಬೀಗರ ಮುಂದ ಕೈ ಕಟ್ಕೊಂಡು ನಿಂತಂಗ ನಿಂತಿದ್ರಲ್ಲ, ಯಾಕ? ಅಕಿಗೆ ಜಗಳಾಡೋ ಅಪ್ಪ ಬೇಕಾಗ್ಯಾನ. ನೀವು ನೋಡಿದ್ರ ಮಾವನ ಮನಿಗೆ ಬಂದಂಗ ನಕ್ಕೋತ ಕುಂತ್ರಿ.”

ಕಾರು ನಡೆಸುತ್ತಿದ್ದವನಿಗೆ ದೊಡ್ಡಪ್ಪ ನೆನಪಾದ. ದೊಡ್ಡಪ್ಪನ ಸೌಜನ್ಯವನ್ನು ಊರು ಹೊಗಳಿದ್ದು ನಿಜ. ಅವನ ಮಗಳು ಏನೆಂದುಕೊಂಡಳೆಂದು ಯಾರೂ ಕೇಳಿರಲಿಲ್ಲ. ತನ್ನಪ್ಪನಂಥ ಆಟಗಾರ ಇನ್ನೊಬ್ಬನಿಲ್ಲ ಎಂದು ಬಲ್ಲವಳು, ಬಾಗಿಲ ಮರೆಯಲ್ಲಿ ನಿಂತು ಅವನು ಬೇಕೆಂದೇ ಸೋಲುವುದನ್ನು ನೋಡುವಾಗ ಆಕೆಗೆ ಹೇಗಾಗಿರಬೇಕು? ನಾನು ನಿರ್ಧರಿಸಿದೆ. ಏನೇ ಆಗಲಿ, ಮುಂದಿನ ಸಲ ಗಂಟಲು ಹರಿಯುವವರೆಗೆ ಕೂಗುತ್ತೇನೆ. ಮಗಳು ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ನೆಂಟನಂತೂ ಆಗಲಾರೆ.

ಆ ‘ಮುಂದಿನ ಸಲ’ ಈ ಶರತ್ಕಾಲದಲ್ಲಿ ಬಂತು, ಫುಟ್‌ಬಾಲಿನಲ್ಲಿ, ಕೆರೆಯ ದಂಡೆಯ ನಮ್ಮದೇ ಮೈದಾನದಲ್ಲಿ. ನೇರಳೆ ಅಂಗಿ, ನೇರಳೆ ಟೊಪ್ಪಿಗೆ ಸಾಲದೆಂದು ಕೆನ್ನೆಗೂ ನೇರಳೆ ಪಟ್ಟೆ ಬಳಿದುಕೊಂಡೆ. ನನ್ನ ವಯಸ್ಸಿಗೂ ಹೊಟ್ಟೆಗೂ ಅದೆಷ್ಟು ಒಪ್ಪಿತೆಂಬುದನ್ನು ಸುಮಿತ್ರಾ ಒಂದು ಕರವಸ್ತ್ರ ಚಾಚಿ ತಿಳಿಸಿದಳು. ತಾನು ಚಪ್ಪಾಳೆ ತಟ್ಟುವುದು ಟ್ರೊಂಬೋನಿಗೆ ಮಾತ್ರ ಎಂದು ಮೊದಲೇ ಘೋಷಿಸಿ ಪಕ್ಕದಲ್ಲಿ ಕೂತಳು. ಈ ಆಟದಲ್ಲಿ ಪ್ರೇಕ್ಷಕನಿಗೂ ಒಂದು ಕರ್ತವ್ಯವಿದೆ: ಚೆಂಡು ನಮ್ಮವರ ಕೈಯಲ್ಲಿದ್ದಾಗ ಸುಮ್ಮನಿರಬೇಕು, ಎದುರಾಳಿಗಳ ಕೈಯಲ್ಲಿದ್ದಾಗ ಅವರ ಮಾತು ಅವರಿಗೇ ಕೇಳದಂತೆ ಬೊಬ್ಬೆ ಹೊಡೆಯಬೇಕು. ಹೊಡೆದೆ. ನನ್ನ ಮಗಳ ತಂಡ ಚೆಂಡು ಹಿಡಿದಾಗಲೆಲ್ಲ, ದೂರದ ಮೂಲೆಯಲ್ಲಿ ಕೆಂಪು ಚುಕ್ಕೆಯಾಗಿ ಕಾಣುತ್ತಿದ್ದ ಆಕೆಯ ಕಡೆಗೇ ಮುಖ ಮಾಡಿ, ಗದಗಿನ ಮೈದಾನದಲ್ಲಿ ಬಿಟ್ಟು ಬಂದಿದ್ದೆನೆಂದುಕೊಂಡ ದನಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದೆ. ಮಗಳು ಮುನಿದಾಳೆಂಬ ಭಯ ಮಾತ್ರ ಬಿಡಲಿಲ್ಲ.

ಕೊನೆಯ ಗಳಿಗೆಯವರೆಗೆ ಅವರೇ ಮುಂದಿದ್ದರು. ಆಗ ನಮ್ಮವನೊಬ್ಬ ಅಂಕದ ಗೆರೆ ದಾಟಿದ ಮೂಲೆಯಲ್ಲಿ ಎಗರಿ ಚೆಂಡು ಹಿಡಿದು ಮೈದಾನದ ಅಂಚಿನ ಗೆರೆಯಾಚೆ ಉರುಳಿದ. ಬೀಳುವ ಮುನ್ನ ಒಂದು ಕಾಲಾದರೂ ಆ ಗೆರೆಯ ಒಳಗೆ ಊರಿರಬೇಕು, ಗೆರೆ ತುಳಿದರೂ ಹೊರಗೆಂದೇ ಲೆಕ್ಕ, ಅದು ನಿಯಮ. ಊರಿತ್ತೇ? ತೀರ್ಪುಗಾರರು ವಿಡಿಯೊವನ್ನು ಹಿಂದೆ ಮುಂದೆ ಓಡಿಸಿ ನೋಡಿ ನೋಡಿ, ಊರಿತ್ತು ಎಂದರು. ಗೆದ್ದೆವು! ಮೈದಾನಕ್ಕೆ ಮೈದಾನವೇ ಎದ್ದು ಕುಣಿಯುತ್ತಿದ್ದಾಗ ನಾನು ಕೆಂಪು ಮೂಲೆಯ ಕಡೆ ನೋಡಿದೆ. ಅವರು ವಾದ್ಯಗಳನ್ನು ಕಟ್ಟುತ್ತಿದ್ದರು. ಬಸ್ಸಿನ ಹತ್ತಿರ ಓಡಿ ಹೋಗುವಷ್ಟರಲ್ಲಿ ಬಸ್ಸು ಹೊರಟಿತ್ತು.

ಮನೆಗೆ ಬಂದು ಕೆನ್ನೆ ತೊಳೆಯದೆ ಕೂತೆ. ಗೆದ್ದವನ ಕಳೆ ಮುಖದಲ್ಲಿರಲಿಲ್ಲ. ಸುಮಿತ್ರಾ ರೊಟ್ಟಿ ಬಡಿಯುತ್ತಿದ್ದಳು. ಅಷ್ಟರಲ್ಲಿ ಫೋನು ಬಂತು: ವೀಣಾ. ಊರು ಬಿಟ್ಟ ಮೇಲೆ ತಾನಾಗಿ ಆಕೆ ನನಗೆ ಮಾಡಿದ ಮೊದಲ ಕರೆ. ಎತ್ತಿ, ಹೇಗಿದ್ದೀ ಕೂಸೇ ಎನ್ನುವಷ್ಟರಲ್ಲಿ ಅತ್ತಲಿಂದ ಸಿಡಿಲು ಬಡಿಯಿತು.

“ಅಪ್ಪಾ, ನಿನ್ನ ಕಣ್ಣು ಕಾಣತಾವೋ ಇಲ್ಲೋ? ಅವನ ಕಾಲು ಹೊರಗಿತ್ತು! ಹೊರಗ!”

ಕನ್ನಡ! ಅದೂ ತಾಯಿಯ ಜಗಳದ ಕನ್ನಡ, ಅಚ್ಚ ಗದಗಿನದು, ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ! ನನಗೆ ಅಳು ಬಂತು, ಆದರೆ ಅದಕ್ಕೆ ಅದು ಸಮಯವಾಗಿರಲಿಲ್ಲ. ಹಿಮ್ಮಡಿ ಒಳಗಿತ್ತು ಎಂದೆ. ಹಿಮ್ಮಡಿ ಗೆರೆಯ ಮೇಲಿತ್ತು ಎಂದಳು. ತೀರ್ಪುಗಾರರೇ ನೋಡಿದ್ದಾರೆ ಎಂದೆ. ತೀರ್ಪುಗಾರರಿಗೆ ಕನ್ನಡಕ ಕೊಡಿಸು ಎಂದಳು. ಆಮೇಲೆ ಇಂಗ್ಲಿಷಿಗೆ ಜಿಗಿದು ನಮ್ಮ ತಂಡದ ಜನ್ಮ ಜಾಲಾಡಿದಳು; ನಾನೂ ಬಿಡಲಿಲ್ಲ, ಅವರ ತರಬೇತುದಾರನಿಂದ ಹಿಡಿದು ಗೋಧಿ ಹೊಲದವರೆಗೆ ಒಂದನ್ನೂ ಉಳಿಸಲಿಲ್ಲ. ಹಿಂದೆ ಇಡೀ ಬಸ್ಸು ಆಕೆಯನ್ನು ಹುರಿದುಂಬಿಸುತ್ತಿರುವುದು ಕೇಳುತ್ತಿತ್ತು. ಸುಮಿತ್ರಾ ಒಲೆ ಆರಿಸಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನಾನು ಅತ್ಯಂತ ಮುಖ್ಯವಾದ ವಾದವನ್ನು ಮಂಡಿಸುತ್ತಿದ್ದಾಗಲೇ ಬಸ್ಸು ಘಟ್ಟ ಹತ್ತಿರಬೇಕು, ಸಿಗ್ನಲ್ ಹೋಯಿತು.

“ಇಳಿದ ಮ್ಯಾಲೆ ಮಾಡ್ತಾಳ, ಊಟಕ್ಕ ಏಳ್ರಿ,” ಎಂದಳು ಸುಮಿತ್ರಾ. ನಾನು ಏಳಲಿಲ್ಲ. ಆ ಆಟದ ವಿಡಿಯೊ ತೆಗೆದು, ಹಿಮ್ಮಡಿಯನ್ನು ಮತ್ತೆ ಮತ್ತೆ ನೋಡುತ್ತ ಕೂತೆ. ನಿಜ ಹೇಳಬೇಕೆಂದರೆ, ನಿಮ್ಮ ಹತ್ತಿರ ಮಾತ್ರ, ಅದು ಗೆರೆಯ ಮೇಲೇ ಇತ್ತೋ ಏನೋ. ಫೋನು ಮತ್ತೆ ಬಡಿದುಕೊಂಡಿತು. ಹಲೋ ಎನ್ನುವ ಗೋಜಿಗೂ ಹೋಗದೆ ಎತ್ತಿ, “ಒಳಗ ಇತ್ತು!” ಎಂದೆ.