ಅವ್ವ ತಟ್ಟಿ ನೋಡಿದ ಇಟ್ಟಿಗೆ

ಪಿಂಗಾಣಿ ಬಟ್ಟಲಿಗೆ ಚಮಚ ತಾಗಿ ಟಿಣ್ ಎಂದರೆ ಸಾಕು, ಮದ್ದೂರಿನ ಅಂಚಿನಲ್ಲಿದ್ದ ನಮ್ಮ ಹಳೆಯ ಮನೆಯ ಹಿತ್ತಲು ಕಣ್ಮುಂದೆ ಬರುತ್ತದೆ. ಅಪ್ಪ ಅಲ್ಲಿ ಆಲೆಮನೆಯ ಒಲೆಗಳಿಗೆ ಬೇಕಾದ, ದೊಡ್ಡ ಉರಿ ತಡೆಯುವ ಇಟ್ಟಿಗೆ ಸುಡುತ್ತಿದ್ದರು. ಲಾರಿಯಲ್ಲಿ ಬಂದ ಬಿಳಿ ಜೇಡಿಗೆ ಒಡೆದ ಹಳೆಯ ಇಟ್ಟಿಗೆಯ ಪುಡಿ ಬೆರೆಸಿ, ತುಳಿದು, ಅಚ್ಚಿಗೆ ತುಂಬುವ ಕೆಲಸ. ನೆನೆದ ಜೇಡಿಯ ತಣ್ಣನೆಯ ವಾಸನೆ ನಮ್ಮ ಹಾಸಿಗೆಗೂ ಹತ್ತಿರುತ್ತಿತ್ತು. ತೆಂಗಿನಕಾಯಿಯನ್ನು ತಟ್ಟಿ ಕೊಳ್ಳುವ ರೂಢಿ ನಿಮ್ಮ ಮನೆಯಲ್ಲೂ ಇದ್ದೀತು, ನಮ್ಮಲ್ಲಿ ಇಟ್ಟಿಗೆ. ಗೂಡು ಆರಿದ ಮೇಲೆ ಅವ್ವ ಒಂದೊಂದನ್ನೂ ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದಳು. ಮಂಕಾಗಿ ನುಡಿದದ್ದು ಮತ್ತೆ ಗೂಡಿಗೆ, ಗಂಟೆಯಂತೆ ನುಡಿದದ್ದು ಮಾರಾಟಕ್ಕೆ. ಆಲೆಮನೆಯವರು ಅಪ್ಪನನ್ನು ದರ ಕೇಳುವ ಮೊದಲು, "ಅಕ್ಕ ತಟ್ಟವ್ಳಾ?" ಎಂದು ಕೇಳುತ್ತಿದ್ದರು.

ನಾನು ಆರನೇ ತರಗತಿಯಲ್ಲಿದ್ದ ವರ್ಷ ಅಪ್ಪ ಬೆನ್ನುನೋವಿನಿಂದ ಮಲಗಿದರು. ಜೇಡಿ ಕಲಸುವುದು, ಗೂಡು ಹಚ್ಚುವುದು ಅವ್ವನ ತಮ್ಮನ ಪಾಲಿಗೆ ಬಂತು. ಅವ್ವ ಎತ್ತಿ ಆಡಿಸಿದ ತಮ್ಮ. ಅವನ ತಟ್ಟೆಗೆ ತುಪ್ಪ ಬಿದ್ದ ಮೇಲೆಯೇ ನಮ್ಮ ತಟ್ಟೆಗೆ. ಆ ಸಲದ ಇಟ್ಟಿಗೆ ಹಿಂದೆಂದೂ ಇಲ್ಲದಷ್ಟು ಇಂಪಾಗಿ ನುಡಿಯಿತು. ಅವ್ವ ಒಂದನ್ನು ಅಪ್ಪನ ಮಂಚದ ಬಳಿ ತಂದು ತಟ್ಟಿ ಕೇಳಿಸಿ, "ನನ್ ತಮ್ಮನ ಕೈ ನೋಡಿ" ಎಂದು ನಕ್ಕಳು.

ಕಬ್ಬು ಅರೆಯುವುದು ಜೋರಾಗಿದ್ದಾಗ ಬೆಸಗರಹಳ್ಳಿಯ ಆಲೆಮನೆಯ ಯಜಮಾನರು ಬಂದು ನಮ್ಮ ಜಗಲಿಯ ಮೇಲೆ ಗೋಣಿಚೀಲ ಬಿಚ್ಚಿದರು. ಒಳಗಿದ್ದ ಇಟ್ಟಿಗೆ ಬಾಗಿ, ಅಂಚು ಇಳಿದು, ಗಾಜಿನಂತೆ ಮಿನುಗುತ್ತಿತ್ತು. ಒಲೆಯ ಗೋಡೆ ಕುಸಿದು, ಕೊಪ್ಪರಿಗೆ ವಾಲಿ, ಕುದಿಯುತ್ತಿದ್ದ ಕಬ್ಬಿನ ಹಾಲೆಲ್ಲ ಬೆಂಕಿಗೆ ಚೆಲ್ಲಿತ್ತು.

"ನೋಡು ತಾಯಿ, ಬೆಲ್ಲಕ್ಕಿಂತ ಮುಂಚೆ ನಿನ್ ಇಟ್ಟಿಗೆನೇ ಪಾಕ ಬಂದದೆ," ಎಂದರು.

ಮಾವ ಮುಚ್ಚಿಡಲಿಲ್ಲ. ಸೌದೆ ಉಳಿಸಲು ಜೇಡಿಗೆ ಫೆಲ್ಡ್‌ಸ್ಪಾರ್ ಬೆರೆಸಿದ್ದ. ಟೈಲ್ಸ್ ಮಾಡುವವರು ಬಳಸುವ ಕಲ್ಲಿನ ಪುಡಿ ಅದು. ಬೇಗ ಕರಗಿ ಜೇಡಿಯ ಕಣಗಳನ್ನು ಅಂಟಿಸುವುದರಿಂದ ಕಡಿಮೆ ಉರಿಯಲ್ಲೇ ಇಟ್ಟಿಗೆ ಗಟ್ಟಿಯಾಗಿ ನುಡಿಯುತ್ತದೆ. ದೊಡ್ಡ ಉರಿ ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಅದೂ ಅವನಿಗೆ ಗೊತ್ತಿತ್ತು. ಅವ್ವ ಕೇಳಿದ್ದು "ಯಾಕ್ಲಾ?" ಎಂದಷ್ಟೇ. ಅವನು ತಲೆ ಎತ್ತದೆ, ಯಜಮಾನರ ಎದುರಿಗೇ, "ನೀನೇ ತಟ್ಟಿ ಪಾಸ್ ಮಾಡ್ದಲ್ಲಕ್ಕ," ಎಂದ. ಆಗಲೇ ದಿನಚರಿ ಬರೆಯುತ್ತಿದ್ದ ನಾನು ಆ ದಿನದ ಪುಟಕ್ಕೆ ತಾರೀಖು ಮಾತ್ರ ಹಾಕಿದೆ.

ಆಮೇಲೆ ಅವ್ವ ಇಟ್ಟಿಗೆ ತಟ್ಟಲಿಲ್ಲ. ಅವಳು ತಟ್ಟದ ಇಟ್ಟಿಗೆಯನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಗೂಡು ತಣ್ಣಗಾಯಿತು, ಮನೆಯೂ ಪರರ ಪಾಲಾಯಿತು. ಮೊನ್ನೆ ಮಂಡ್ಯದಲ್ಲಿ ನಾನೂ ಅವ್ವನೂ ನೀರಿಗೆಂದು ಮಡಕೆ ಕೊಳ್ಳಲು ನಿಂತಾಗ ಮಾರುವ ಹೆಂಗಸು, "ತಟ್ ನೋಡಿ ತಕಳಿ ಅಕ್ಕ," ಎಂದಳು. ಅವ್ವನ ಕೈ ಮಡಕೆಯವರೆಗೂ ಹೋಯಿತು. ಮತ್ತೆ ಹಿಂದೆ ಸರಿದು ಸೆರಗಿನೊಳಗೆ ಸೇರಿತು.

"ಯಾವ್ದಾದ್ರೂ ಕೊಡವ್ವ," ಎಂದಳು.