ಬಕೆಟ್ಟಿಗೆ ನೀರು ಬೀಳುವ ಸದ್ದು

ಮನೆ ಬದಲಿಸುವ ಗಡಿಬಿಡಿಯಲ್ಲಿ ಮೊನ್ನೆ ಡ್ರಾಯರಿನ ತಳದಿಂದ ಹಳೆಯ ಹೆಡ್‌ಫೋನೊಂದು ಹೊರಬಂತು. ಕಿವಿಯ ಮೆತ್ತೆಗೆ ಇನ್ನೂ ಕೊಬ್ಬರಿ ಎಣ್ಣೆಯ ವಾಸನೆ… ಪಕ್ಕದ ಮನೆ ಆಂಟಿಯದು.

ಕ್ಯಾಲಿಫೋರ್ನಿಯಾದ ಡೈಮಂಡ್ ಬಾರ್ ಎಂಬ ಊರಿನಲ್ಲಿ ನಾವು ನೆರೆಹೊರೆಯವರಾಗಿದ್ದದ್ದು ಕೋವಿಡ್ ಕಾಲದಲ್ಲಿ. ಆಂಟಿ ಧಾರವಾಡದ ಕಡೆಯವರು, ಫ್ರೆಂಚ್ ಬಲ್ಲವರು. ಪಶ್ಚಿಮ ಆಫ್ರಿಕಾದ ಹಳ್ಳಿಗಳಲ್ಲಿ ಸರ್ಕಾರ ಹಾಕಿಸಿದ ಕೈಪಂಪುಗಳು ನಿಜಕ್ಕೂ ನೀರು ಕೊಡುತ್ತಿವೆಯೇ ಎಂದು ತಪಾಸಣೆ ಮಾಡುವುದು ಅವರ ಕೆಲಸ. ವಿಮಾನಗಳು ನಿಂತಿದ್ದರಿಂದ ಆ ವರ್ಷ ಗ್ಯಾರೇಜಿನಲ್ಲೇ ಕುಳಿತು ಫೋನಿನಲ್ಲಿ ವಿಚಾರಿಸುತ್ತಿದ್ದರು. ಕೆಟ್ಟಿದೆ ಎಂದು ಊರಿನವರೇ ಹೇಳಿದರೆ ಹಾಳೆಯಲ್ಲಿ 'ಇಲ್ಲ' ಎಂದು ಬರೆಯುವರು. ಚೆನ್ನಾಗಿದೆ ಅಂದರೆ ಮಾತ್ರ ನಂಬುತ್ತಿರಲಿಲ್ಲ. ದೂರು ಹೇಳಿದರೆ ಮುಂದಿನ ಯೋಜನೆ ತಪ್ಪೀತೆಂಬ ಹೆದರಿಕೆ ಊರಿನ ಹಿರಿಯರಿಗೆ. ಫೋನನ್ನು ಪಂಪಿನ ಹತ್ತಿರ ಒಯ್ಯಲು ಹೇಳಿ, ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿಸಿದರಷ್ಟೇ 'ಹೌದು'. ಕೇಳಿಸದಿದ್ದರೆ ಆ ಜಾಗ ಖಾಲಿ. ಹಿರಿಯರನ್ನು ಕಾಗದದ ಮೇಲೆ ಸುಳ್ಳುಗಾರರನ್ನಾಗಿ ಮಾಡಲು ಆಂಟಿಗೆ ಮನಸ್ಸು ಬರುತ್ತಿರಲಿಲ್ಲ.

ಅಂಕಿಅಂಶ ನಾನು ಮಾಡಿಕೊಡುತ್ತೇನೆಂದು ಮುಂದೆ ಬಿದ್ದೆ. ದೊಡ್ಡ ಸಾಫ್ಟ್‌ವೇರ್ ಇಂಜಿನಿಯರ್ ನೋಡಿ, ನಾನು! ಆಫೀಸಿನಲ್ಲಿ ದಿನಾ ಮಾಡುವಂತೆ ಖಾಲಿ ಜಾಗವಿದ್ದ ಸಾಲುಗಳನ್ನೆಲ್ಲ ಅಳಿಸಿ, ಉಳಿದದ್ದರ ಮೇಲೆ ಶೇಕಡಾವಾರು ತೆಗೆದೆ. ಆಂಟಿ ಜ್ವರ ಬಂದು ಮಲಗಿದ್ದರು. ಗಡುವು ಮೀರುತ್ತದೆಂದು, ಒಂದು ಮಾತೂ ಕೇಳದೆ ವರದಿ ಕಳಿಸಿಬಿಟ್ಟೆ. ಬಹುತೇಕ ಪಂಪುಗಳು ಸರಿಯಿವೆ ಎಂದಿತ್ತು ಅದರಲ್ಲಿ.

ಚೇತರಿಸಿಕೊಂಡು ಅದನ್ನು ಓದಿದ ದಿನ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಖಾಲಿ ಬಿಟ್ಟಿದ್ದು ಗೊತ್ತಿಲ್ಲಂತ ಅಲ್ಲೋ ತಮ್ಮಾ," ಅಂದರು. "ಅಲ್ಲಿ ನೀರಿಲ್ಲ."

ತಿದ್ದುಪಡಿಗಾಗಿ ಇಬ್ಬರೂ ಕೂತು ಎಷ್ಟೋ ಮೇಲ್ ಬರೆದೆವು. ಪಂಪುಗಳು ಸರಿಯಿರುವುದರಿಂದ ರಿಪೇರಿ ಯೋಜನೆ ಬೇಡವೆಂದು ಅಲ್ಲಿನ ಕಚೇರಿ ಆಗಲೇ ತೀರ್ಮಾನಿಸಿತ್ತು. ಫೈಲು ಮುಚ್ಚಿದೆ ಎಂಬುದೊಂದೇ ಉತ್ತರ. ಕೊನೆಗೆ ಆಂಟಿ ಸ್ಯಾನ್ ಡಿಯೇಗೊದ ಮಗಳ ಮನೆಗೆ ಹೊರಟಾಗ ಹೆಡ್‌ಫೋನನ್ನು ನನ್ನ ಕೈಗಿತ್ತು, ನೀನೂ ಒಮ್ಮೆ ಕೇಳಿ ನೋಡು ಎಂದಿದ್ದರು. ಫ್ರೆಂಚ್ ಬರದು ಎಂಬ ನೆಪ ಹೇಳಿ ಸುಮ್ಮನಾದೆ. ಹೋದ ವರ್ಷ ಆಂಟಿ ತೀರಿಕೊಂಡರು…

ವರದಿ ಇವತ್ತಿಗೂ ಆ ಕಚೇರಿಯ ವೆಬ್‌ಸೈಟಿನಲ್ಲಿದೆ, ನಾನು ತೆಗೆದ ಶೇಕಡಾವಾರಿನ ಸಮೇತ. ಅಳಿಸಿದ ಸಾಲುಗಳೂ ಆ ಊರುಗಳ ಫೋನ್ ನಂಬರುಗಳೂ ಆಂಟಿ ಕೊಟ್ಟಿದ್ದ ಹಳೆಯ ಫೈಲಿನಲ್ಲಿದ್ದವು. ನಿನ್ನೆ ಬೆಳಗ್ಗೆ ಹೆಡ್‌ಫೋನ್ ಹಾಕಿಕೊಂಡು ಅದರಲ್ಲೊಂದು ನಂಬರಿಗೆ ಫೋನ್ ಮಾಡಿದೆ. ಯಾರೋ ಹೆಂಗಸು ಎತ್ತಿದಳು. ನನಗೆ ಬಂದದ್ದು 'ಪಂಪು' ಎಂಬ ಒಂದೇ ಪದ. ಅಷ್ಟಕ್ಕೇ ಅವಳಿಗೆ ಅರ್ಥವಾಯಿತು; ಹಿಂದೆ ಹೀಗೆ ಕೇಳಿದವರು ಯಾರೋ ಇದ್ದರಲ್ಲ. ಹೆಜ್ಜೆಯ ಸದ್ದು ಬಂತು. ಆಮೇಲೆ ಕಬ್ಬಿಣದ ಹಿಡಿ ಮೇಲೆ ಕೆಳಗೆ ಆಡುವ ಕಿರುಗುಡುವಿಕೆ. ಬಹಳ ಹೊತ್ತು ಅವಳು ಒತ್ತುತ್ತಲೇ ಇದ್ದಳು, ನಾನು ಕೇಳುತ್ತಲೇ ಇದ್ದೆ. ಬೇರೆ ಯಾವ ಸದ್ದೂ ಬರಲಿಲ್ಲ.