ಮಾಮಿ ಕಿವಿಯ ಬಳಿ ಮುರಿದ ರೊಟ್ಟಿ

ಮೊನ್ನೆ ಮೂಡುಬಿದಿರೆಯಲ್ಲಿ ನಮ್ಮಂಥ ಸಣ್ಣ ಉದ್ದಿಮೆಯವರಿಗೆಂದು ಒಂದು ತರಬೇತಿ ಇತ್ತು. ನಾಲ್ಕು ಜನರನ್ನು ಇಟ್ಟುಕೊಂಡು ಕೆಲಸ ಮಾಡಿಸುವವರು ಮೊದಲು ತಮ್ಮನ್ನು ತಾವು ಅರಿತುಕೊಳ್ಳಬೇಕು ಎಂದು ತರಬೇತುದಾರರು ಬೆಳಗ್ಗಿನಿಂದ ಪರದೆಯ ಮೇಲೆ ಬಾಣ, ವೃತ್ತಗಳನ್ನೆಲ್ಲ ತೋರಿಸಿ ವಿವರಿಸಿದರು. ನಾನು ಎಲ್ಲ ಗೊತ್ತಿದ್ದವಳ ಹಾಗೆ ತಲೆಯಾಡಿಸುತ್ತ, ಊಟಕ್ಕೆ ಏನಿರಬಹುದು ಎಂದು ಯೋಚಿಸುತ್ತಿದ್ದೆ. ಇದ್ದದ್ದು ಕೋಳಿ ಸಾರು ಮತ್ತು ಕೋರಿ ರೊಟ್ಟಿ. ಪಕ್ಕದಲ್ಲಿ ಕುಳಿತವರು ಸಾರು ಸುರಿಯುವ ಮೊದಲು ರೊಟ್ಟಿಯನ್ನು ಚಟ್ಟನೆ ಮುರಿದರು. ಆ ಸದ್ದು ಕಿವಿಗೆ ಬಿದ್ದದ್ದೇ ನನಗೆ ಕುಸುಮ ಮಾಮಿಯ ನೆನಪಾಯಿತು. ಮಧ್ಯಾಹ್ನದ ಮೇಲಿನ ಬಾಣ, ವೃತ್ತಗಳು ನನ್ನ ತಲೆಗೆ ಹೋಗಲಿಲ್ಲ.

ಮಾಮಿ ಎಂದರೆ ನಮ್ಮ ತುಳುವಿನಲ್ಲಿ ಅಪ್ಪನ ಅಕ್ಕ. ಪುಂಜಾಲಕಟ್ಟೆಯಲ್ಲಿ ಅವರದ್ದು ಕೋರಿ ರೊಟ್ಟಿ ಮಾಡುವ ಶೆಡ್ಡು. ನೀವು ಈ ರೊಟ್ಟಿಯನ್ನು ತಿಂದವರಾದರೆ ನಿಮಗೆ ಹೇಳಬೇಕಾಗಿಲ್ಲ. ಕುಚ್ಚಲಕ್ಕಿಯ ಹಿಟ್ಟನ್ನು ಬಿಸಿ ಕಾವಲಿಯ ಮೇಲೆ ಕಾಗದದಷ್ಟು ತೆಳ್ಳಗೆ ಎಳೆದು ಗರಿಗರಿಯಾಗಿ ಒಣಗಿಸಿದರೇ ಅದು ರೊಟ್ಟಿ. ಸ್ವಲ್ಪ ಥಂಡಿ ಹಿಡಿಯಿತೋ, ಸಾರು ಬೀಳುವ ಮೊದಲೇ ಅದರ ಕಥೆ ಮುಗಿದ ಹಾಗೆ. ಒಲೆಯಿಂದ ತೆಗೆದ ಪ್ರತಿ ಸರದಿಯಿಂದ ಮಾಮಿ ಒಂದು ರೊಟ್ಟಿ ಎತ್ತಿ, ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದರು. ಸದ್ದು ಮನಸ್ಸಿಗೆ ಬಂದರೆ ತಲೆ ಒಂದು ಸಲ ಅಲ್ಲಾಡುತ್ತಿತ್ತು. ಬಾರದಿದ್ದರೆ ಅಷ್ಟೂ ದನದ ಕೊಟ್ಟಿಗೆಗೆ ಹೋಗುತ್ತಿತ್ತು. ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಮಾಮಿಯ ರೊಟ್ಟಿಗೆ ಹೆಸರಿತ್ತು. ಮಾಮಿಯ ಕೋಪಕ್ಕೆ ಅದಕ್ಕಿಂತಲೂ ದೊಡ್ಡ ಹೆಸರಿತ್ತು.

ಡಿಗ್ರಿ ಮುಗಿಸಿ, ವ್ಯವಹಾರ ಕಲಿಯುತ್ತೇನೆ ಎಂದು ನಾನು ಅವರಲ್ಲಿಗೆ ಹೋದದ್ದು ಒಂದು ಮಳೆಗಾಲದ ಕೊನೆಗೆ. ಕಲಿತ ಮೊದಲ ಪಾಠ ಬಾಯಿ ಮುಚ್ಚಿಕೊಂಡಿರುವುದು. ಅದರಲ್ಲಿ ನಾನು ಬೇಗ ಪಳಗಿದೆ. ನಾನು ಬರುವ ಸ್ವಲ್ಪ ಮೊದಲು ರೇಖಾ ಎಂಬ ಕೆಲಸದವಳು, "ಈ ರೊಟ್ಟಿ ಮೆತ್ತಗೆ ಉಂಟು ಅಕ್ಕ" ಎಂದು ಮಾಮಿಗೇ ಹೇಳಿದ್ದಳಂತೆ. "ನನಗೆ ಕಲಿಸ್ಲಿಕ್ಕೆ ಬರ್ತೀಯಾ? ನಾಳೆಯಿಂದ ಬರುದು ಬೇಡ" ಎಂದು ಮಾಮಿ ಅವಳನ್ನು ಕಳುಹಿಸಿಬಿಟ್ಟಿದ್ದರು. ಆಮೇಲೆ ಶೆಡ್ಡಿನಲ್ಲಿ ಒಲೆ ಉರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಎಷ್ಟು ಶಿಸ್ತು ಎಂದು ನನಗೆ ಭಾರೀ ಮೆಚ್ಚುಗೆಯಾಗಿತ್ತು.

ತೋಡಾರಿನ ಹಮೀದಾಕ ಮದುವೆ ಊಟದ ಗುತ್ತಿಗೆಯವರು, ಮಾಮಿಯ ಹಳೆಯ ಗಿರಾಕಿ. ಒಂದು ದಿನ ಅವರು ನಮ್ಮದೇ ಪೊಟ್ಟಣವೊಂದನ್ನು ಹಿಡಿದುಕೊಂಡು ಬಂದರು. ನಿನ್ನೆಯ ಮದುವೆಯಲ್ಲಿ ಜನ ರೊಟ್ಟಿಯನ್ನು ಎಲೆಯ ಬದಿಗೆ ಸರಿಸಿ ಎದ್ದುಹೋದರಂತೆ.

"ಕುಸುಮಕ್ಕ, ಇದು ರೊಟ್ಟಿಯಾ, ಚಪಾತಿಯಾ? ನನ್ನ ಮರ್ಯಾದೆ ಹೋಯ್ತು ಮಾರಾಯ್ರೆ. ಇನ್ನೊಮ್ಮೆ ಹೀಗಾದ್ರೆ ನಾನು ಬೇರೆ ಕಡೆ ನೋಡ್ಬೇಕಾಗ್ತದೆ."

ಮಾಮಿ ಅದರಿಂದ ಒಂದನ್ನು ಎತ್ತಿ ಕಿವಿಯ ಬಳಿ ಮುರಿದರು. ಮುರಿಯುವುದೇನು, ಅದು ಸದ್ದೇ ಇಲ್ಲದೆ ಎರಡಾಯಿತು. "ಸರಿ ಉಂಟಲ್ಲ" ಎಂದರು ಮಾಮಿ. ಹಮೀದಾಕ ಕಣ್ಣು ದೊಡ್ಡದು ಮಾಡಿದರು. ಒಲೆಯ ಮುಂದಿದ್ದ ಹೆಂಗಸರೆಲ್ಲ ಒಟ್ಟಿಗೇ ತಲೆ ತಗ್ಗಿಸಿದರು. ಆ ತಗ್ಗಿದ ತಲೆಗಳನ್ನು ಮಾಮಿ ನೋಡಿದರು.

ಅವರ ಮುಖ ಕೆಂಪಾದದ್ದನ್ನು ಕಂಡು ನಾನು ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದೆ. ಆದರೆ ಬೈಗುಳ ಬರಲಿಲ್ಲ. ಮಾಮಿ ಆ ಬದಿಯ ತಟ್ಟೆಯಿಂದ ಆಗಷ್ಟೇ ಒಣಗಿದ ಗರಿಗರಿ ರೊಟ್ಟಿ ಎತ್ತಿ ಮುರಿದರು. ಆಮೇಲೆ ಹಮೀದಾಕ ತಂದ ಮೆತ್ತಗಿನದ್ದನ್ನು ಮುರಿದರು. ಎರಡನ್ನೂ ಇನ್ನೊಂದು ಕಿವಿಯ ಬಳಿಯೂ ಮುರಿದು ನೋಡಿದರು. ಕೊನೆಗೆ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

"ನನಗೆ ಎರಡೂ ಒಂದೇ ಕೇಳ್ತದೆ" ಎಂದರು. "ಯಾರಿಗೆಲ್ಲ ಗೊತ್ತಿತ್ತು?"

ಎಲ್ಲರಿಗಿಂತ ಹಳಬಳಾದ ಲಲಿತಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೇಳಿದಳು: "ಎಲ್ಲರಿಗೂ ಗೊತ್ತುಂಟು ಅಕ್ಕ. ನಿಮ್ಮ ಹತ್ರ ಹೇಳ್ಲಿಕ್ಕೆ ಯಾರಿಗೆ ಧೈರ್ಯ ಉಂಟು? ಹೇಳಿದವಳು ಮನೆಯಲ್ಲಿದ್ದಾಳೆ."

ಮಾಮಿ ಕೈಯಲ್ಲಿದ್ದ ಚೂರುಗಳನ್ನು ಮಡಿಲಿಗೆ ಹಾಕಿಕೊಂಡರು. "ಕಿವಿ ಹೋದದ್ದು ವಯಸ್ಸಿನ ದೋಷ" ಎಂದರು ಆಮೇಲೆ. "ನೀವು ಹೇಳದೆ ಇದ್ದದ್ದು ನನ್ನ ದೋಷ. ಒಲೆ ನಂದಿಸಿ. ಹಮೀದಾಕ, ನಿಮ್ಮ ಮುಂದಿನ ಮದುವೆಗೆ ರೊಟ್ಟಿ ಇಲ್ಲಿಂದಲೇ. ಇವರು ಸರಿ ಉಂಟು ಅಂದದ್ದು ಮಾತ್ರ ನಿಮಗೆ ಬರ್ತದೆ, ನಾನು ಅಂದದ್ದಲ್ಲ."

ಇಡೀ ಶೆಡ್ಡು ತನ್ನನ್ನು ನೋಡುತ್ತಿರುವಾಗ, ಜೀವಮಾನವಿಡೀ ಹೆಸರು ತಂದುಕೊಟ್ಟ ಕಿವಿಯನ್ನು ಹಾಗೆ ಬಿಟ್ಟುಕೊಡುವುದು ಸುಲಭವೇ? ನಮ್ಮ ಮನೆತನದಲ್ಲಿ ತಪ್ಪು ಒಪ್ಪಿಕೊಂಡವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇವರು ನನ್ನ ಮಾಮಿ ಎಂದು ಆ ದಿನ ಹಮೀದಾಕನ ಎದುರು ನನಗೆ ಎದೆಯುಬ್ಬಿತು. ಇವತ್ತಿಗೂ ಹೇಳಿಕೊಳ್ಳುವಾಗ ಉಬ್ಬುತ್ತದೆ.

ಅದೇ ಮಧ್ಯಾಹ್ನ ಮಾಮಿ ನನ್ನನ್ನು ಕರೆದುಕೊಂಡು ಬೆಳ್ತಂಗಡಿಯ ಬಸ್ಸು ಹತ್ತಿದರು. ರೇಖಾ ತನ್ನ ಮನೆಯ ಅಂಗಳದಲ್ಲಿ ಬೀಡಿ ಕಟ್ಟುತ್ತಿದ್ದಳು. ನಮ್ಮನ್ನು ಕಂಡರೂ ಎದ್ದೇಳಲಿಲ್ಲ.

"ನಾಳೆಯಿಂದ ಬಾ" ಎಂದರು ಮಾಮಿ.

"ಬಂದ್ರೆ ನಾನು ಪುನಃ ಹೇಳ್ತೇನೆ" ಎಂದಳು ಅವಳು.

"ಹೇಳ್ಲಿಕ್ಕೇ ಕರೆಯುದು. ಜೋರಾಗಿ ಹೇಳು ಮಾರಾಯ್ತಿ, ನನಗೆ ಕೇಳುದಿಲ್ಲ."

ರೇಖಾ ನಕ್ಕುಬಿಟ್ಟಳು. ಮರುದಿನದಿಂದ ರೊಟ್ಟಿ ಮುರಿಯುವ ಕೆಲಸ ಅವಳದ್ದಾಯಿತು, ಶೆಡ್ಡು ಸಂತೆಯಾಯಿತು. ಉಪ್ಪಿಗೆ ಒಬ್ಬಳ ತಕರಾರು, ಅಕ್ಕಿಗೆ ಇನ್ನೊಬ್ಬಳದ್ದು. ಮಾಮಿಯ ಕೋಪವೇನೂ ಕಡಿಮೆಯಾಗಲಿಲ್ಲ. ಬೈಯುತ್ತಲೇ ಎಲ್ಲವನ್ನೂ ಕೇಳಿಸಿಕೊಳ್ಳುವುದನ್ನು ಕಲಿತರು, ಅಷ್ಟೇ. ಹಮೀದಾಕ ಎಲ್ಲಿಗೂ ಹೋಗಲಿಲ್ಲ.

ಈಗ ಪುತ್ತಿಗೆಯಲ್ಲಿ ನನ್ನದೇ ಒಂದು ಶೆಡ್ಡು ಇದೆ. ತರಬೇತಿಯ ಮರುದಿನ ನಾನೇ ಆರಿಸಿದ ಬಣ್ಣದ ಹೊಸ ಪೊಟ್ಟಣಗಳು ಬಂದವು. ಎಲ್ಲರಿಗೂ ಹಿಡಿದು ತೋರಿಸಿ ಮೆರೆಯುತ್ತಿದ್ದೆ. ಕೆಲಸಕ್ಕೆ ಹೊಸದಾಗಿ ಸೇರಿದ ಸ್ವಪ್ನಾ ಒಂದನ್ನು ಕೈಗೆತ್ತಿಕೊಂಡು, "ಚಂದ ಉಂಟು ಅಕ್ಕ. ಆದ್ರೆ ಬಾಯಿ ಸರಿ ಕೂರುದಿಲ್ಲ, ರೊಟ್ಟಿ ಮೆತ್ತಗಾಗ್ತದೆ" ಎಂದಳು. ನನ್ನ ಕಿವಿ ಬಿಸಿಯಾಯಿತು. ನಾಲಿಗೆಯ ತುದಿಗೆ ಬಂದದ್ದು ಮಾಮಿಯ ಹಳೆಯ ಮಾತೇ. ಹೇಗೋ ನುಂಗಿಕೊಂಡು ಪೊಟ್ಟಣಗಳನ್ನು ವಾಪಸು ಕಳುಹಿಸಿದೆ. ಹೆಮ್ಮೆಯಿಂದ ಕಳುಹಿಸಿದೆ ಎಂದರೆ ಸುಳ್ಳಾಗುತ್ತದೆ. ಸಂಜೆಯವರೆಗೂ ಅವಳ ಮುಖ ನೋಡಲಿಲ್ಲ.

ಮಾಮಿಯ ಹತ್ತಿರ ಫೋನಿನಲ್ಲಿ ಮಾತಾಡಿದರೆ ಇಡೀ ಊರಿಗೆ ಕೇಳಿಸುತ್ತದೆ. ಹಾಗಾಗಿ ಅದೇ ಸಂಜೆ ಪುಂಜಾಲಕಟ್ಟೆಗೇ ಹೋಗಿ ಎಲ್ಲವನ್ನೂ ಹೇಳಿದೆ. ಭೇಷ್ ಎನ್ನುತ್ತಾರೆ ಎಂದುಕೊಂಡಿದ್ದೆ. ಮಾಮಿ ಕಿವಿಯ ಯಂತ್ರವನ್ನು ಸರಿಮಾಡಿಕೊಂಡು ಕೇಳಿದ್ದು ಒಂದೇ.

"ಅದೆಲ್ಲ ಇರ್ಲಿ. ಹೇಳಿದವಳು ನಾಳೆ ಕೆಲಸಕ್ಕೆ ಬರ್ತಾಳಾ?"



ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ಹೋದರು. ಕೊನೆಯಲ್ಲಿ ಸ್ವಪ್ನಾ ಬಂದಳು. ಚಪ್ಪಲಿ ಬಿಟ್ಟು, ತಲೆಯೆತ್ತಿ ಒಂದು ಸಲ ಮೇಲೆ ನೋಡಿ ಅಂದಳು:

"ಅಕ್ಕ, ಈ ಫ್ಯಾನು ಕೂಡ ಸರಿ ಇಲ್ಲ."